ರಸೀದಿ ಇದೆ, ಹಕ್ಕುಪತ್ರ ಎಲ್ಲಿ?

ಊರಿನ ಮನೆಗೆ ವರ್ಷಕ್ಕೆ ಎಷ್ಟು ತೆರಿಗೆ ಬರುತ್ತೆ? ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರನ್ನು ಕೇಳಿ ನೋಡಿ. "ಅಪ್ಪ ಕಟ್ಟಿರ್ತಾರೆ ಬಿಡಿ" ಅನ್ನೋದೇ ಹೆಚ್ಚಿನವರ ಉತ್ತರ. ಬಾಡಿಗೆ ಫ್ಲಾಟಿನ ಮೆಂಟೆನೆನ್ಸ್ ಎಷ್ಟು, ಪಾರ್ಕಿಂಗ್‌ಗೆ ಎಷ್ಟು ಅನ್ನೋದು ಬಾಯಿಪಾಠ. ಹುಟ್ಟಿ ಬೆಳೆದ ಮನೆಯ ಖಾತೆ ಯಾರ ಹೆಸರಲ್ಲಿದೆ ಅಂತ ಮಾತ್ರ ಗೊತ್ತಿಲ್ಲ.

ಗೊತ್ತಾಗೋದು ಯಾವಾಗ ಅಂದ್ರೆ ತೊಂದರೆ ಬಂದಾಗ. ಮನೆ ರಿಪೇರಿಗೆ ಸಾಲ ಬೇಕು, ಬ್ಯಾಂಕಿನವರು ಫಾರಂ ನಂಬರ್ ಕೇಳ್ತಾರೆ. ಅಜ್ಜ ತೀರಿಕೊಂಡು ಹದಿನೈದು ವರ್ಷ ಆಗಿರುತ್ತೆ, ಪಂಚಾಯಿತಿ ಪುಸ್ತಕದಲ್ಲಿ ಅಜ್ಜ ಇನ್ನೂ ಬದುಕೇ ಇರ್ತಾರೆ. ಕಪಾಟಿನಲ್ಲಿ ಪ್ಲಾಸ್ಟಿಕ್ ಕವರಿನ ತುಂಬ ರಸೀದಿಗಳಿರ್ತವೆ. "ಇಷ್ಟು ವರ್ಷ ತೆರಿಗೆ ಕಟ್ಟಿದ್ದೇವಲ್ಲ, ಮನೆ ನಮ್ಮದೇ ಅಲ್ವಾ?" ಅಂತ ಅಪ್ಪ ಕೇಳ್ತಾರೆ.

ಈ ವಾರ ಆ ಪ್ರಶ್ನೆಯನ್ನೇ ಹಿಡಿದು ಮಾತಾಡೋಣ. ಲಿಂಗನಮಕ್ಕಿ ಹಿನ್ನೀರಿನ ಸುತ್ತಮುತ್ತ ಈ ಪ್ರಶ್ನೆಗೆ ಇರುವಷ್ಟು ಭಾರ ಬೇರೆ ಕಡೆ ಇಲ್ಲ.

ಕಂದಾಯ ಬೇರೆ, ಮನೆ ತೆರಿಗೆ ಬೇರೆ

ನಮ್ಮ ಕಡೆ ಎರಡನ್ನೂ "ಕಂದಾಯ" ಅಂತಲೇ ಕರೀತಾರೆ. ಗೊಂದಲ ಶುರುವಾಗೋದೇ ಅಲ್ಲಿಂದ.

ಗದ್ದೆ, ತೋಟದ ಮೇಲೆ ಹಾಕುವುದು ಭೂಕಂದಾಯ. ಅದು ಕಂದಾಯ ಇಲಾಖೆಗೆ ಸೇರಿದ್ದು. ಹಿಂದಿನ ಶಾನುಭೋಗರ ಜಾಗದಲ್ಲಿ ಈಗ ಗ್ರಾಮ ಆಡಳಿತಾಧಿಕಾರಿ ಇದ್ದಾರೆ, ದಾಖಲೆ ಅಂದ್ರೆ ಪಹಣಿ. ಮನೆ, ಕೊಟ್ಟಿಗೆ, ಅಂಗಡಿ, ಖಾಲಿ ಸೈಟಿನ ಮೇಲಿನ ತೆರಿಗೆ ಗ್ರಾಮ ಪಂಚಾಯಿತಿಯದ್ದು. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಪಂಚಾಯಿತಿಗೆ ಈ ಅಧಿಕಾರ ಕೊಟ್ಟಿದೆ. ಇದರ ದಾಖಲೆ ಪಹಣಿ ಅಲ್ಲ, ಪಂಚಾಯಿತಿಯ ಆಸ್ತಿ ರಿಜಿಸ್ಟರ್.

ಪಟ್ಟಣದಲ್ಲಿ ಮನೆ ಇದ್ದರೆ ಲೆಕ್ಕ ಬೇರೆ. ಸಾಗರದಲ್ಲಿ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ ಪಟ್ಟಣ ಪಂಚಾಯಿತಿ. ಡ್ಯಾಮಿನ ಪಕ್ಕದಲ್ಲೇ ಇರೋದು ಜೋಗ–ಕಾರ್ಗಲ್ ಪಟ್ಟಣ ಪಂಚಾಯಿತಿ. ಇಲ್ಲೆಲ್ಲ ನಡೆಯೋದು 1964ರ ಪುರಸಭೆಗಳ ಕಾಯ್ದೆ.

ಹಾಗಾಗಿ ಅಪ್ಪನಿಗೆ ಫೋನ್ ಮಾಡಿದಾಗ "ತೆರಿಗೆ ಕಟ್ಟಿದ್ರಾ?" ಅಂತ ಮಾತ್ರ ಕೇಳಬೇಡಿ. "ಯಾವ ಆಫೀಸಿಗೆ, ಯಾವುದರ ಮೇಲೆ ಕಟ್ಟಿದ್ರಿ?" ಅಂತ ಕೇಳಿ. ಎಷ್ಟೋ ಮನೆಗಳಲ್ಲಿ ತೋಟದ ಕಂದಾಯ ತಪ್ಪದೆ ಕಟ್ಟಿರ್ತಾರೆ, ಮನೆ ತೆರಿಗೆ ನಾಲ್ಕು ವರ್ಷದ್ದು ಬಾಕಿ ಇರುತ್ತೆ.

ಬಿಲ್ಲಿನಲ್ಲಿ ಏನೇನಿರುತ್ತೆ?

ಮನೆ ತೆರಿಗೆಗೆ ಆಧಾರ ಆಸ್ತಿಯ ಬಂಡವಾಳ ಮೌಲ್ಯ. ಜಾಗಕ್ಕೆ ಸರ್ಕಾರದ ಮಾರ್ಗಸೂಚಿ ದರ, ಕಟ್ಟಡಕ್ಕೆ ಅದರ ವಿಸ್ತೀರ್ಣ ಮತ್ತು ನಮೂನೆ ನೋಡಿ ಬೆಲೆ ಹಾಕ್ತಾರೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಅಂತ ಸ್ವಲ್ಪ ಕಳೀತಾರೆ. ಹೆಂಚಿನ ಮನೆಗೂ ಆರ್‌ಸಿಸಿ ಮನೆಗೂ, ವಾಸಕ್ಕೂ ಅಂಗಡಿಗೂ ದರ ಒಂದೇ ಅಲ್ಲ.

ಆ ತೆರಿಗೆಯ ಮೇಲೆ ಉಪಕರಗಳು ಕೂರ್ತವೆ. ಗ್ರಾಮ ಪಂಚಾಯಿತಿಯಲ್ಲಿ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು ಶೇ 34. ಒಂದು ಲೆಕ್ಕ ಹಾಕೋಣ: ಮೂಲ ತೆರಿಗೆ 1,200 ರೂಪಾಯಿ ಅಂದುಕೊಳ್ಳಿ. ಆರೋಗ್ಯಕ್ಕೆ 180, ಶಿಕ್ಷಣಕ್ಕೆ 120, ಗ್ರಂಥಾಲಯಕ್ಕೆ 72, ಭಿಕ್ಷುಕರ ಕರ 36. ಒಟ್ಟು 1,608 ರೂಪಾಯಿ. "1,200 ಅಂದಿದ್ರಲ್ಲ, 1,600 ಯಾಕೆ ತಗೊಂಡ್ರು?" ಅಂತ ಬಿಲ್ ಕಲೆಕ್ಟರ್ ಮೇಲೆ ರೇಗುವ ಮೊದಲು ಇದನ್ನು ಕೂಡಿ ನೋಡಿ. ನಲ್ಲಿ ನೀರಿನ ಶುಲ್ಕ ಇದ್ದರೆ ಅದು ಬೇರೆ.

ಪಟ್ಟಣದಲ್ಲಿ ಸ್ವಯಂ ಘೋಷಣೆ ಪದ್ಧತಿ. ಮನೆ ಎಷ್ಟು ಚದರಡಿ, ಯಾವ ಬಗೆಯದ್ದು ಅಂತ ನೀವೇ ತುಂಬಿ ಕಟ್ಟಬೇಕು. ಇಲ್ಲಿ ತಿಂಗಳು ಮುಖ್ಯ. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಮುಂದಿನ ಮಾರ್ಚ್ ತನಕ ಎಳೆದ್ರೆ ಶೇ 18 ಆಯ್ತು. ಯುಗಾದಿಗೆ ಊರಿಗೆ ಹೋದವರು ಹೋಳಿಗೆ ತಿಂದು ಬರುವ ಮೊದಲು ಆಸ್ತಿ ನಂಬರನ್ನು ಫೋನಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಕೂತಲ್ಲೇ ಕಟ್ಟಬಹುದು. ಗ್ರಾಮ ಪಂಚಾಯಿತಿಯ ತೆರಿಗೆಯನ್ನೂ ಈಗ ಬಾಪೂಜಿ ಸೇವಾ ಕೇಂದ್ರದ ಜಾಲತಾಣದಲ್ಲಿ ಕಟ್ಟಲಿಕ್ಕೆ ಬರುತ್ತೆ.

ಮಾಳಿಗೆ ಏರಿಸಿದ್ರೆ, ರಸ್ತೆ ಕಡೆ ಒಂದು ಅಂಗಡಿ ತೆಗೆದ್ರೆ ಅದನ್ನೂ ಹೇಳಬೇಕು. ಹೇಳದೆ ಬಿಟ್ಟ ಕೋಣೆ ತೆರಿಗೆ ಉಳಿಸುತ್ತೆ ನಿಜ, ಆದ್ರೆ ಮಾರುವಾಗ, ಸಾಲ ಕೇಳುವಾಗ ಆ ಕೋಣೆ ದಾಖಲೆಯಲ್ಲೇ ಇರೋದಿಲ್ಲ.

9, 11ಎ, 11ಬಿ – ಈ ನಂಬರ್‌ಗಳಲ್ಲೇ ಎಲ್ಲ ಇದೆ

ರಾಜ್ಯದಲ್ಲಿ ಇ-ಸ್ವತ್ತು ಬಂದದ್ದು 2013ರಲ್ಲಿ. ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳು ಇದರಲ್ಲಿ ಎರಡು ಗುಂಪಾದವು.

ಗ್ರಾಮಠಾಣಾ ಜಾಗ, ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಸೈಟು, ಸರ್ಕಾರದ ಯೋಜನೆಯಲ್ಲಿ ಹಕ್ಕುಪತ್ರ ಸಿಕ್ಕ ಮನೆ: ಇವಕ್ಕೆ ನಮೂನೆ 9 ಮತ್ತು 11ಎ. ಒಂಬತ್ತು ಅಂದ್ರೆ ಆಸ್ತಿಯ ವಿವರ, 11ಎ ಅಂದ್ರೆ ಆ ಆಸ್ತಿಯ ತೆರಿಗೆ ಬೇಡಿಕೆ. ಈ ನಿಯಮಕ್ಕೆ ಕೂರದ ಆಸ್ತಿಗಳಿಗೆ ಬರೋದು 11ಬಿ. 11ಬಿ ಇದ್ದರೂ ತೆರಿಗೆ ಕಟ್ಟಬೇಕು, ರಸೀದಿಯೂ ಸಿಗುತ್ತೆ. ಬ್ಯಾಂಕಿನ ಮೇಜಿನ ಮೇಲೆ ಎರಡಕ್ಕೂ ಒಂದೇ ಮರ್ಯಾದೆ ಇಲ್ಲ ಅಷ್ಟೇ.

ಮಲೆನಾಡಿನ ಮನೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಬಯಲುಸೀಮೆಯ ಹಾಗೆ ನಮ್ಮಲ್ಲಿ ಊರೊಳಗೆ ಸಾಲು ಮನೆ ಕಡಿಮೆ. ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದ್ರೆ ಇನ್ನೊಂದು. ಮನೆ ಕೂತಿರೋದು ಕೃಷಿ ಜಮೀನಿನ ಸರ್ವೆ ನಂಬರಿನಲ್ಲೇ. ಭೂಕಂದಾಯ ಕಾಯ್ದೆಯ 95ನೇ ಪ್ರಕರಣ ರೈತನಿಗೆ ಹಿಡುವಳಿಯ ಶೇ 10ರೊಳಗೆ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಡುತ್ತೆ, ಪರಿವರ್ತನೆ ಬೇಡ. ಅಂದ್ರೆ ಮನೆ ಅಕ್ರಮವಲ್ಲ. ಆದ್ರೆ ಜಮೀನು ಪರಿವರ್ತನೆ ಆಗಿಲ್ಲವಾದ್ದರಿಂದ ನಮೂನೆ 9 ಸುಲಭಕ್ಕೆ ಸಿಗೋದಿಲ್ಲ. ಅಜ್ಜನ ಕಾಲದ ಮನೆಗೆ 11ಬಿ ಯಾಕೆ ಬಂತು ಅನ್ನೋ ಸಿಟ್ಟಿಗೆ ಹೆಚ್ಚಿನ ಸಲ ಇದೇ ಕಾರಣ.

ಇತ್ತೀಚಿನ ಬದಲಾವಣೆಯೂ ಗೊತ್ತಿರಲಿ. ಪಟ್ಟಣಗಳಲ್ಲಿ 2024ರ ಸೆಪ್ಟೆಂಬರ್ 10ಕ್ಕಿಂತ ಮೊದಲಿನ ಅನಧಿಕೃತ ಸೈಟು, ಮನೆಗಳಿಗೆ ಬಿ-ಖಾತೆ ಕೊಡುವ ಕೆಲಸ 2025ರಲ್ಲಿ ಶುರುವಾಯ್ತು. ಮೊದಲ ವರ್ಷ ದುಪ್ಪಟ್ಟು ತೆರಿಗೆ, ಆಮೇಲೆ ಮಾಮೂಲಿ. ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೂ ತಿದ್ದುಪಡಿ ತಂದು ಹಳ್ಳಿಯ ಇಂಥ ಆಸ್ತಿಗಳನ್ನು ತೆರಿಗೆ ಲೆಕ್ಕಕ್ಕೆ ಸೇರಿಸಿದ್ರು. ಇದನ್ನು "ಸಕ್ರಮ ಆಯ್ತು" ಅಂತ ಓದಬೇಡಿ. ತೆರಿಗೆ ಪುಸ್ತಕಕ್ಕೆ ಹೆಸರು ಸೇರಿತು, ಅಷ್ಟೇ. ಸರ್ಕಾರಿ ಜಾಗ, ಅರಣ್ಯ ಜಾಗಕ್ಕೆ ಬಿ-ಖಾತೆಯೂ ಇಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ

ತೆರಿಗೆ ಕಟ್ಟಿದ ಮಾತ್ರಕ್ಕೆ ಆಸ್ತಿ ನಮ್ಮದಾಗುತ್ತಾ? ಆಗೋದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿದೆ: ಖಾತೆ, ಮ್ಯುಟೇಶನ್ ಇರೋದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ತಿಳಿಯೋದಕ್ಕೆ. ಹಕ್ಕು ಹುಟ್ಟೋದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್, ಮಂಜೂರಾತಿ ಆದೇಶದಿಂದ. ಪಂಚಾಯಿತಿ ಮನೆಯಲ್ಲಿ ವಾಸ ಇರೋರಿಂದಲೂ ತೆರಿಗೆ ವಸೂಲಿ ಮಾಡಬಹುದು. ಅವರೇ ಮಾಲೀಕರು ಅಂತ ಒಪ್ಪಿಕೊಂಡ ಹಾಗಲ್ಲ.

ಬೇರೆ ಊರಿನವರಿಗೆ ಇದು ಕಾನೂನಿನ ಒಂದು ಸಣ್ಣ ಪಾಠ. ಲಿಂಗನಮಕ್ಕಿ ನೀರಿಗೆ ಮನೆ ಬಿಟ್ಟವರ ಮಕ್ಕಳಿಗೆ ಇದು ಮೂರು ತಲೆಮಾರಿನ ಕಥೆ.

1964ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲು, 1948ರಲ್ಲೇ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿಗೆ ಒಂದಷ್ಟು ಊರು ಹೋಗಿದ್ದವು. ಲಿಂಗನಮಕ್ಕಿ ತುಂಬಿದಾಗ ಹಿರೇಭಾಸ್ಕರವೂ ಅದರೊಳಗೇ ಮುಳುಗಿತು. 151 ಟಿಎಂಸಿಗೂ ಹೆಚ್ಚು ನೀರು ನಿಲ್ಲುವ ಜಲಾಶಯ. ಆ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು 1,035 ಮೆಗಾವಾಟ್ ತನಕ ಕರೆಂಟ್ ಕೊಡ್ತವೆ. ಅದರ ಅಡಿಯಲ್ಲಿ ಸಾಗರ, ಹೊಸನಗರ ತಾಲ್ಲೂಕಿನ ಗದ್ದೆ, ತೋಟ, ದೇವಸ್ಥಾನ, ಮನೆ ಅಂಗಳ ಎಲ್ಲ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಮೇಲೇಳೋದನ್ನು ನೀವೂ ನೋಡಿರ್ತೀರಿ.

ಎದ್ದು ಬಂದ ಸಾವಿರಾರು ಕುಟುಂಬಗಳನ್ನು ಜಿಲ್ಲೆಯ ಬೇರೆ ಬೇರೆ ಕಡೆ ಕಾಡಿನ ಜಾಗದಲ್ಲಿ ಕೂರಿಸಿದ್ರು. "ಇಲ್ಲಿ ಕಡಿದು ಸಾಗುವಳಿ ಮಾಡ್ಕೊಳ್ಳಿ" ಅಂತ ಸರ್ಕಾರವೇ ತೋರಿಸಿದ ಜಾಗ. ಆದ್ರೆ ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ತೆಗೆಯುವ ಕಾಗದದ ಕೆಲಸ ಆಗ ಸರಿಯಾಗಿ ಆಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕಾಡಿನ ಜಾಗವನ್ನು ಬೇರೆ ಉಪಯೋಗಕ್ಕೆ ಕೊಡಬೇಕಾದ್ರೆ ಕೇಂದ್ರದ ಅನುಮತಿ ಬೇಕೇ ಬೇಕು. ಅಣೆಕಟ್ಟು ಮುಗಿದದ್ದಕ್ಕೂ ಈ ಕಾಯ್ದೆ ಬಂದದ್ದಕ್ಕೂ ನಡುವೆ ಹದಿನಾರು ವರ್ಷ ಇತ್ತು. ರಾಜ್ಯವೇ ಮುಗಿಸಬಹುದಾಗಿದ್ದ ಕೆಲಸ ಆ ಹದಿನಾರು ವರ್ಷದಲ್ಲಿ ಮುಗಿಯಲಿಲ್ಲ.

1994ರಿಂದ 2017ರ ನಡುವೆ ಸರ್ಕಾರ 56 ಆದೇಶ ಹೊರಡಿಸಿ ಈ ಜಾಗಗಳನ್ನು ಅರಣ್ಯದಿಂದ ಬಿಡಿಸಲು ಹೋಯ್ತು. ಕೇಂದ್ರದ ಅನುಮತಿ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಹೈಕೋರ್ಟ್ ಇದೇ ಕಾರಣಕ್ಕೆ 2017ರ ಅಧಿಸೂಚನೆಯನ್ನು ರದ್ದು ಮಾಡಿತು. 2022ರಲ್ಲಿ ಸರ್ಕಾರ ತನ್ನ ಆದೇಶಗಳನ್ನು ತಾನೇ ಹಿಂದಕ್ಕೆ ತಗೊಂಡಿತು. ಹಕ್ಕುಪತ್ರ ಸಿಕ್ತು ಅಂದುಕೊಂಡಿದ್ದ ಮನೆಗಳಿಗೆ ಅದು ಸಿಡಿಲು.

ಇನ್ನೊಂದು ಬಾಗಿಲು ಇದೆಯಲ್ಲ, 2006ರ ಅರಣ್ಯ ಹಕ್ಕು ಕಾಯ್ದೆ, ಅಂತ ನೀವು ಕೇಳಬಹುದು. ಬುಡಕಟ್ಟಿಗೆ ಸೇರದ ಕುಟುಂಬ 2005ರ ಡಿಸೆಂಬರ್ 13ಕ್ಕೆ ಹಿಂದೆ 75 ವರ್ಷ ಕಾಡನ್ನು ನೆಚ್ಚಿ ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಅಂದ್ರೆ 1930ರಿಂದ. ಅರವತ್ತರ ದಶಕದಲ್ಲಿ ಸರ್ಕಾರವೇ ತಂದು ಬಿಟ್ಟವರು 1930ರ ಸಾಕ್ಷಿ ಎಲ್ಲಿಂದ ತರಬೇಕು? ಆಗ ಅವರ ಊರು ಇದ್ದದ್ದು ಈಗ ನೀರಿರುವ ಕಡೆ. ಇನ್ನು 94ಸಿ ಅಡಿ ಸರ್ಕಾರಿ ಜಾಗದ ಮನೆ ಸಕ್ರಮ ಮಾಡಿಕೊಡ್ತಾರೆ, ಆದ್ರೆ ಅರಣ್ಯ ಅಂತ ದಾಖಲಾದ ಜಾಗಕ್ಕೆ ಅದು ಅನ್ವಯಿಸೋದಿಲ್ಲ.

ಹೀಗೆ ಮನೆಗೆ ನಂಬರ್ ಇದೆ, ಮೆಸ್ಕಾಂ ಮೀಟರ್ ಇದೆ, ರೇಷನ್ ಕಾರ್ಡು, ವೋಟರ್ ಐಡಿ ಇದೆ. ತೆರಿಗೆ ಕೇಳೋಕೆ ಬರ್ತಾರೆ. ಮಗಳ ಓದಿಗೆ ಆ ಜಾಗದ ಮೇಲೆ ಸಾಲ ಕೇಳಿದ್ರೆ ಮಾತ್ರ "ಅರಣ್ಯ ಅಂತ ಬರ್ತಿದೆಯಲ್ಲ" ಅಂತಾರೆ. ವಸೂಲಿಗೆ ಮನೆ ಕಾಣುವ ವ್ಯವಸ್ಥೆಗೆ ಹಕ್ಕಿನ ಹೊತ್ತಿಗೆ ಬರೀ ಕಾಡು ಕಾಣುತ್ತೆ. ಇದು ನ್ಯಾಯವಲ್ಲ. ಕೋರ್ಟು ತಪ್ಪು ಹೇಳಿದೆ ಅಂತ ನಾನು ಹೇಳ್ತಿಲ್ಲ. ಕಾನೂನು ಹಾಗೇ ಇದೆ. ಅರವತ್ತು ವರ್ಷದ ಹಿಂದೆ ಒಂದು ಕಡತ ಮುಗಿಸದೆ ಬಿಟ್ಟದ್ದಕ್ಕೆ ಬೆಲೆ ತೆರುತ್ತಿರೋರು ಆ ಕಡತ ಕಣ್ಣಲ್ಲೂ ನೋಡದ ಮೊಮ್ಮಕ್ಕಳು.

ಹಾಗಾದ್ರೆ ತೆರಿಗೆ ಯಾಕೆ ಕಟ್ಟಬೇಕು?

ಕಟ್ಟಿ. ಮುಳುಗಡೆ ಕುಟುಂಬದವರಾದ್ರೆ ಇನ್ನೂ ಜಾಗ್ರತೆಯಿಂದ ಕಟ್ಟಿ.

ರಸೀದಿ ಹಕ್ಕು ಕೊಡೋದಿಲ್ಲ ನಿಜ. ಆದ್ರೆ ಇಂಥ ವರ್ಷದಿಂದ ಇಂಥ ಮನೆಯಲ್ಲಿ ಇದ್ದೇವೆ ಅನ್ನೋದಕ್ಕೆ ಅದು ಸಾಕ್ಷಿ. ನಾಳೆ ಜಂಟಿ ಸರ್ವೆ ಆಗಲಿ, ಹೊಸ ಆದೇಶ ಬರಲಿ, ಕೋರ್ಟಿನಲ್ಲಿ ಮಾತು ಬರಲಿ, ಮೊದಲು ಕೇಳೋದೇ "ಎಷ್ಟು ವರ್ಷದಿಂದ ಇದ್ದೀರಿ?" ಅಂತ. 1970ರ ಒಂದು ಹರಕು ರಸೀದಿ ಇವತ್ತಿನ ಹತ್ತು ಅಫಿಡವಿಟ್‌ಗಿಂತ ಗಟ್ಟಿ.

ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಪೆಟ್ಟಿಗೆ ತೆಗೀರಿ. ಹಳೇ ತೆರಿಗೆ ರಸೀದಿ, ಮುಳುಗಡೆ ಪರಿಹಾರದ ಕಾಗದ, ಜಾಗ ತೋರಿಸಿದ ಆದೇಶ, ಹಳೇ ಕರೆಂಟ್ ಬಿಲ್ಲು, ಏನೇ ಇರಲಿ, ಒಂದೊಂದನ್ನೇ ಸ್ಕ್ಯಾನ್ ಮಾಡಿ ವರ್ಷದ ಪ್ರಕಾರ ಜೋಡಿಸಿ. ಮಲೆನಾಡಿನ ಮಳೆಗಾಲಕ್ಕೆ ಕಾಗದ ಬಾಳಿಕೆ ಬರೋದಿಲ್ಲ, ಗೆದ್ದಲು ಯಾವ ದಾಖಲೆಗೂ ಮರ್ಯಾದೆ ಕೊಡೋದಿಲ್ಲ. ಈ ಕೆಲಸ ಅಪ್ಪನಿಂದ ಆಗೋದಲ್ಲ, ನಿಮ್ಮ ಫೋನಿನಿಂದ ಅರ್ಧ ದಿನದಲ್ಲಿ ಆಗುತ್ತೆ.

ಅಂಥ ಜಾಗವನ್ನು "ತೆರಿಗೆ ರಸೀದಿ ಇದೆ, ತಗೊಳ್ಳಿ" ಅಂತ ಯಾರಾದ್ರೂ ಮಾರಲಿಕ್ಕೆ ಬಂದರೆ ಕೈ ಮುಗಿದು ವಾಪಸ್ ಕಳಿಸಿ. ಜುಲೈ 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ತುಮರಿ, ಸಿಗಂದೂರು ಕಡೆಗೆ ಲಾಂಚ್ ಕಾಯುವ ಗೋಳು ತಪ್ಪಿತು. ಹಿನ್ನೀರು ಕಾಣುವ ಜಾಗ ಅಂದ್ರೆ ಯಾರಿಗೆ ಆಸೆ ಇಲ್ಲ? ಪಹಣಿಯ ಹಿಂದಿನ ಮೂಲ ದಾಖಲೆ ನೋಡದೆ, ಆ ಸರ್ವೆ ನಂಬರು ಅರಣ್ಯವಾ ಅಲ್ಲವಾ ಅಂತ ವಿಚಾರಿಸದೆ ಮುಂಗಡ ಕೊಡಬೇಡಿ. ತೋಟದ ಮನೆಯನ್ನೇ ಹೋಮ್‌ಸ್ಟೇ ಮಾಡೋಣ ಅಂತಿರೋರು ಇದನ್ನೂ ನೋಡಿ: 95ನೇ ಪ್ರಕರಣದ ತೋಟದ ಮನೆ ರೈತನ ಸ್ವಂತ ಉಪಯೋಗಕ್ಕೆ, ವ್ಯಾಪಾರಕ್ಕಲ್ಲ. ಬೋರ್ಡು ಹಾಕುವ ಮೊದಲು ಪರಿವರ್ತನೆ, ಪರವಾನಗಿ, ತೆರಿಗೆ ದರ ಮೂರನ್ನೂ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ.

ಖಾತೆ ಯಾರ ಹೆಸರಲ್ಲಿದೆ?

ಅಜ್ಜನ ಹೆಸರಲ್ಲೇ ಇದ್ದರೆ ಮರಣ ಪತ್ರ, ವಂಶವೃಕ್ಷ ಹಿಡಿದು ಪಂಚಾಯಿತಿಗೆ ಅರ್ಜಿ ಕೊಡಿ. ಜಮೀನಿಗೆ ಪೌತಿ ಖಾತೆ ನಾಡಕಚೇರಿಯಲ್ಲಿ, ಮನೆಗೆ ಪಂಚಾಯಿತಿಯಲ್ಲಿ. ಒಂದು ಮಾಡಿದ್ರೆ ಇನ್ನೊಂದು ತಾನಾಗಿ ಆಗೋದಿಲ್ಲ. ಸಕಾಲ ರಸೀದಿ ತಪ್ಪದೆ ಕೇಳಿ ತಗೊಳ್ಳಿ, ಆಗ ಅರ್ಜಿಗೆ ಗಡುವು ಇರುತ್ತೆ. ತೆರಿಗೆಯ ಲೆಕ್ಕ ತಪ್ಪು ಅನ್ನಿಸಿದ್ರೆ ಬಾಯಲ್ಲಿ ಜಗಳ ಬೇಡ, ಪಿಡಿಒಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ಮನೆಮಂದಿಯ ಜತೆ ಮಾತಾಡುವಾಗ ಒಂದು ವಿಷಯ ಬಿಡಿಸಿ ಹೇಳಿ. ಊರಲ್ಲಿರುವ ಅಣ್ಣನ ಹೆಸರಿಗೆ ಖಾತೆ ಮಾಡಿದ ಮಾತ್ರಕ್ಕೆ ಉಳಿದವರ ಪಾಲು ಹೋಗೋದಿಲ್ಲ. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಅಕ್ಕತಂಗಿಯರಿಗೂ ಸಮಪಾಲು. ಹಾಗೆಯೇ, ಹತ್ತು ವರ್ಷ ಒಬ್ಬನೇ ತೆರಿಗೆ ಕಟ್ಟಿದ ಅಂತ ಮನೆ ಅವನದ್ದೇ ಆಗೋದೂ ಇಲ್ಲ. ಇದು ಎಲ್ಲರಿಗೂ ಮೊದಲೇ ಗೊತ್ತಿದ್ರೆ "ಖಾತೆ ನನ್ನ ಹೆಸರಿಗೆ ಮಾಡಿಕೊಳ್ತೀನಿ" ಅನ್ನೋ ಮಾತು ಕೇಳಿ ಯಾರೂ ಬೆಚ್ಚಿಬೀಳೋದಿಲ್ಲ. ಕೋರ್ಟಿಗೆ ಹೋದ ಎಷ್ಟೋ ಜಗಳ ಶುರುವಾದದ್ದು ಈ ಅನುಮಾನದಿಂದಲೇ.

ಕೊನೆಗೆ, ಈ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕೇಳೋರಿಗೆ: ಗ್ರಾಮ ಪಂಚಾಯಿತಿಗೆ ಬರುವ ಹಣದಲ್ಲಿ ಹೆಚ್ಚಿನದ್ದು ಮೇಲಿಂದ, ಇಂಥದ್ದಕ್ಕೇ ಅಂತ ಗುರುತು ಹಾಕಿ ಬರುತ್ತೆ. ಮನೆ ತೆರಿಗೆ ಮಾತ್ರ ಊರಿನವರದ್ದೇ ಸ್ವಂತ ದುಡ್ಡು. ಬೀದಿ ದೀಪ, ನೀರಿನ ಪಂಪು, ಮಳೆಗಾಲದಲ್ಲಿ ಕಟ್ಟಿಕೊಂಡ ಚರಂಡಿ ನಡೆಯೋದು ಇದರಿಂದ. ಗ್ರಾಮಸಭೆಯಲ್ಲಿ ಎದ್ದು ನಿಂತು "ಎಷ್ಟು ಬೇಡಿಕೆ ಇತ್ತು, ಎಷ್ಟು ವಸೂಲಾಯ್ತು, ಎಲ್ಲಿ ಖರ್ಚಾಯ್ತು?" ಅಂತ ಕೇಳಬಹುದು. ಬಾಕಿ ಇಟ್ಟುಕೊಂಡವರಿಗೆ ಆ ಮಾತು ಬಾಯಿಗೆ ಬರೋದು ಕಷ್ಟ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಳೆ, ಅಡಿಕೆ ರೇಟು ಮಾತಾಡಿದ ಮೇಲೆ ಮೂರು ಪ್ರಶ್ನೆ ಕೇಳಿ. ಖಾತೆ ಯಾರ ಹೆಸರಲ್ಲಿದೆ? ಫಾರಂ 9ರದ್ದಾ, 11ಬಿಯದ್ದಾ? ಹೋದ ವರ್ಷದ ರಸೀದಿ ಎಲ್ಲಿದೆ? ಮೂರಕ್ಕೂ ಉತ್ತರ ಸಿಕ್ಕಿದ್ರೆ ನಿಶ್ಚಿಂತೆ. ಸಿಗದಿದ್ರೆ, ಮುಂದಿನ ರಜೆಗೆ ಏನು ಕೆಲಸ ಅಂತ ಗೊತ್ತಾಯ್ತಲ್ಲ.